ನೊರೆವೈನಿನ ಪರವಾಗಿ ಒಂದು ವಕಾಲತ್ತು

ಲಸಾನ್ಯದ ಜೊತೆ ಯಾವ ವೈನ್ ಎಂದು ಕೇಳಿ ನೋಡಿ, ಮೇಜಿನ ಸುತ್ತ ಕೂತವರೆಲ್ಲ ದಿಢೀರ್ ಪಂಡಿತರಾಗುತ್ತಾರೆ. ಒಬ್ಬರು ಕಿಯಾಂಟಿ ಅಂದರೆ ಇನ್ನೊಬ್ಬರು ಬರೋಲೋ ಅನ್ನುತ್ತಾರೆ. ದುಡ್ಡು ಹೆಚ್ಚಾದಷ್ಟೂ ರುಚಿ ಹೆಚ್ಚು ಅನ್ನುವುದು ಎಲ್ಲ ಊರಿನ ನಂಬಿಕೆ. ಅಷ್ಟರಲ್ಲಿ ಲಸಾನ್ಯ ಆರುತ್ತಿರುತ್ತದೆ. ಆರಲಿ ಬಿಡಿ, ಒವನ್‌ನಿಂದ ತೆಗೆದ ತಕ್ಷಣ ಕೊಯ್ದರೆ ಪದರಗಳು ಜಾರಿಹೋಗುತ್ತವೆ.

ಯಾವ ಲಸಾನ್ಯ ಅನ್ನುವುದು ಮೊದಲು ಇತ್ಯರ್ಥವಾಗಬೇಕು. ನೇಪಲ್ಸಿನವರು ಕಾರ್ನಿವಲ್‌ಗೆ ಮಾಡುವುದರಲ್ಲಿ ರಿಕೋಟಾ, ಪುಟ್ಟ ಮಾಂಸದುಂಡೆ, ಬೇಯಿಸಿದ ಮೊಟ್ಟೆ ಎಲ್ಲ ಸೇರುತ್ತವೆ. ನಾನು ಹೇಳುತ್ತಿರುವುದು ಬೊಲೋನ್ಯದವರದು: ಪಾಲಕ್ ಕಲಸಿದ ಹಸಿರು ಪಾಸ್ತಾ ಹಾಳೆ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದ ಮಾಂಸದ ರಗೂ, ಬೆಣ್ಣೆ-ಮೈದಾ-ಹಾಲಿನ ಬೆಶಮೆಲ್, ಮೇಲೆ ಪಾರ್ಮೆಸಾನ್. ಆ ರಗೂವಿನ ಪಾಕವಿಧಾನವನ್ನು 1982ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಿದರು, 2023ರಲ್ಲಿ ತಿದ್ದುಪಡಿಯೂ ಆಯಿತು. ಸಾರಿಗೂ ರಿಜಿಸ್ಟ್ರಿ ಮಾಡಿಸುವ ಜನ!

ಇಷ್ಟು ಬೆಣ್ಣೆ, ಚೀಸು, ಮಾಂಸದ ಜಿಡ್ಡು ಸೇರಿದರೆ ನಾಲ್ಕು ತುತ್ತಿಗೇ ಮುಖ ಹೊಡೆಯುತ್ತದೆ. ಹೋಳಿಗೆ-ತುಪ್ಪದ ನಡುವೆ ಉಪ್ಪಿನಕಾಯಿ ನೆಕ್ಕಿಕೊಳ್ಳುವುದಿಲ್ಲವೇ, ಇಲ್ಲೂ ಬೇಕಾದದ್ದು ಹುಳಿ. ರಗೂವಿನ ಟೊಮೆಟೊಗಿಂತ ವೈನಿನ ಹುಳಿ ಕಡಿಮೆಯಾದರೆ ವೈನೇ ಸಪ್ಪೆ. ಬರೋಲೋದಲ್ಲಿ ಹುಳಿಯೇನೋ ಇದೆ, ಆದರೆ ಅದರ ಒಗರು ಬೆಶಮೆಲ್‌ನ ನಯದೊಡನೆ ಜಗಳಕ್ಕೆ ನಿಲ್ಲುತ್ತದೆ. ಹುಳಿ ಹೆಚ್ಚು, ಒಗರು ಕಡಿಮೆ ಇರುವ ಬಾರ್ಬೆರಾ ವಾಸಿ.

ನನ್ನ ಓಟು ಮಾತ್ರ ಲಂಬ್ರುಸ್ಕೊಗೆ. ಬೊಲೋನ್ಯದ ನೆರೆಯ ಮೊದೆನಾ, ರೆಜ್ಜೊ ಎಮಿಲಿಯಾ ಸೀಮೆಯದು. ಕೆಂಪು ವೈನಾದರೂ ನೊರೆಯುಕ್ಕುತ್ತದೆ, ತಣ್ಣಗೇ ಕುಡಿಯಬೇಕು. ಆ ಗುಳ್ಳೆ, ಆ ಹುಳಿ ಎರಡೂ ಸೇರಿ ನಾಲಿಗೆಯ ಜಿಡ್ಡನ್ನು ತೊಳೆದುಹಾಕುತ್ತವೆ. ಇದರ ಹೆಸರೆತ್ತಿದರೆ ಪಂಡಿತರು ಮೂಗು ಮುರಿಯುತ್ತಾರೆ. 1970-80ರ ದಶಕಗಳಲ್ಲಿ ಅಮೆರಿಕಕ್ಕೆ ಹಡಗುಗಟ್ಟಲೆ ಹೋದ ಸಿಹಿ ಲಂಬ್ರುಸ್ಕೊ ತಂದ ಅಪಖ್ಯಾತಿ ಅದು. ಬಾಟ್ಲಿಯ ಮೇಲೆ 'ಅಮಾಬಿಲೆ' ಎಂದಿದ್ದರೆ ಸಿಹಿ, ಬಿಟ್ಟುಬಿಡಿ. 'ಸೆಕ್ಕೊ' ಎಂದಿರುವುದನ್ನು ಹಿಡಿಯಿರಿ. ಲಂಬ್ರುಸ್ಕೊದಲ್ಲೂ ಬಗೆಗಳಿವೆ: ಸೊರ್ಬಾರಾ ತೆಳುಬಣ್ಣದ್ದು, ಚುರುಕು ಹುಳಿಯದು. ಗ್ರಾಸ್ಪರೊಸ್ಸ ಗಾಢ, ಸ್ವಲ್ಪ ಒಗರು. ಮಾಂಸ ಧಾರಾಳವಾಗಿದ್ದರೆ ಸರಿ. ಸಲಾಮಿನೊ ಅಂತಲೂ ಒಂದಿದೆ, ಗೊಂಚಲು ಪುಟ್ಟ ಸಲಾಮಿ ಸಾಸೇಜಿನ ಆಕಾರದಲ್ಲಿರುವುದರಿಂದ ಆ ಹೆಸರು. ದ್ರಾಕ್ಷಿ ಕಂಡರೂ ಊಟವೇ ನೆನಪಾಗುವ ಸೀಮೆ!

ಲಂಬ್ರುಸ್ಕೊ ಸಿಗದವರು ಕೊರಗಬೇಕಿಲ್ಲ. ಕಿಯಾಂಟಿಯ ಮುಖ್ಯ ದ್ರಾಕ್ಷಿ ಸಾಂಜೊವೇಸೆ ಈಗ ನಮ್ಮ ಹಂಪಿ ಕಡೆಯ ಗುಡ್ಡಗಳಲ್ಲೂ ಬೆಳೆಯುತ್ತದೆ, ವೈನೂ ಆಗುತ್ತದೆ. ಅದನ್ನು ತಂದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನುವ ಮಾತು ಯುರೋಪಿನ ಚಳಿಕೋಣೆಗಳದ್ದು, ನಮ್ಮ ಏಪ್ರಿಲ್ ತಿಂಗಳಿನದ್ದಲ್ಲ.