ನಮ್ಮ ಹೆದ್ದಾರಿಯ ಆ ತುದಿಯ ಬಂದರು

ಸುಗಟೂರಿನ ಕಡೆ ಯಾರಾದರೂ "ಸಮುದ್ರ ನೋಡ್ಕೊಂಡು ಬಂದ್ವಿ" ಅಂದರೆ ಅದು ಮದ್ರಾಸು ಅಂತಲೇ ಲೆಕ್ಕ. ಚೆನ್ನೈ ಅಂತ ಹೆಸರು ಬದಲಾದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಮದ್ರಾಸೇ. ಬಂಗಾರಪೇಟೆಗೆ ಹೋಗಿ ರೈಲು ಹತ್ತಿದರೆ ಆಯಿತು. ನಮ್ಮ ಜಿಲ್ಲೆಯ ಪಾಲಾರ್ ನದಿಯೂ ಆ ಕಡೆಗೇ ಇಳಿದು ಬಂಗಾಳಕೊಲ್ಲಿ ಸೇರುತ್ತದೆ. ಅದರಲ್ಲಿ ನೀರು ಕಾಣುವುದು ಎಷ್ಟು ವರ್ಷಕ್ಕೊಮ್ಮೆ ಅನ್ನುವುದು ನಿಮಗೂ ಗೊತ್ತು.

ನಮ್ಮ ರಾಜ್ಯದ ದೊಡ್ಡ ಬಂದರು ಮಾತ್ರ ಪಡುವಣ ದಿಕ್ಕಿನಲ್ಲಿದೆ. ಮಂಗಳೂರು. ಅಲ್ಲಿಗೆ ದಾರಿಯೂ ನಮ್ಮ ಮುಂದೆಯೇ ಇದೆ. ಮುಳಬಾಗಿಲು, ಕೋಲಾರ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು, ಹಾಸನ, ಸಕಲೇಶಪುರದ ಮೇಲೆ ಘಟ್ಟ ಇಳಿದು ಬಂಟ್ವಾಳ ಮುಟ್ಟುತ್ತದೆ. ಅಲ್ಲಿಂದ ಮಂಗಳೂರು ಒಂದು ಗಂಟೆಯ ದಾರಿಯೂ ಅಲ್ಲ. ದಿನಾ ಟೊಮೆಟೊ ಲಾರಿಗಳ ಸದ್ದು ಕೇಳುವ ಈ ರಸ್ತೆಯ ಇನ್ನೊಂದು ಕಡೆ ಅರಬ್ಬಿ ಸಮುದ್ರವಿದೆ.

ಈ ಬಂದರಿನ ಸೆಳೆತ ನಮ್ಮ ಸೀಮೆಗೆ ಹೊಸದೇನಲ್ಲ. ಹೈದರ್ ಅಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಸಮುದ್ರದ ಗಾಳಿಯೂ ಸೋಕದ ಊರು. 1763ರಲ್ಲಿ ಮಂಗಳೂರು ಅವನ ಕೈಸೇರಿತು. ಅಲ್ಲೇ ಹಡಗು ಕಟ್ಟಿಸಲು ಶುರು ಮಾಡಿದ. ಅವನ ಮಗ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇವತ್ತಿಗೂ ಹೊಳೆ ದಂಡೆಯಲ್ಲಿ ನಿಂತಿದೆ.

ನಾವು ಹೋಗಿದ್ದು ಆಗಸ್ಟ್ ತಿಂಗಳಲ್ಲಿ. ನಮ್ಮ ಸಂಬಂಧಿಕರ ಹುಡುಗಿ ಅಲ್ಲಿ ನರ್ಸಿಂಗ್ ಓದುತ್ತಾಳೆ. ಅವಳಿಗೆ ರಾಗಿಹಿಟ್ಟು, ಹುರುಳಿಕಾಳು ತಲುಪಿಸುವ ನೆಪ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಪಕ್ಕದಲ್ಲೇ ಕೆಂಪುಹೊಳೆ ಹಾರಿ ಹರಿಯುತ್ತಿತ್ತು. ಆ ಹೊಳೆಗೆ ಸೇರುವ ತೊರೆಗಳಲ್ಲಿ ಒಂದು ಎತ್ತಿನಹೊಳೆ. ಆ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಹತ್ತು ವರ್ಷಕ್ಕೂ ಮೇಲಿನಿಂದ ಅದರ ಸುದ್ದಿ ಬರೆದು ಬರೆದು ನಮ್ಮ ಪೆನ್ನು ಸವೆದಿದೆ. ನೀರು ಕಣ್ಣಿಗೆ ಬಿದ್ದಿದ್ದು ಮಾತ್ರ ಅವತ್ತೇ.

ಮಂಗಳೂರಿನಲ್ಲಿ ನಮ್ಮ ಹುಡುಗಿ ಹೇಳಿದ ಮೊದಲ ಮಾತು, "ಅಣ್ಣಾ, ಇಲ್ಲಿ ನಾಲ್ಕು ದಿನ ಆದ್ರೂ ಬಟ್ಟೆ ಒಣಗಲ್ಲ." ನಮ್ಮಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ 3,500 ದಾಟುತ್ತದೆ. ಆದರೂ ಅವಳಿಗೆ ಆ ಊರು ಹಿಡಿಸಿಬಿಟ್ಟಿದೆ. ಯಾಕೆ ಅಂತ ಕೇಳಿದೆವು. "ಇಲ್ಲಿ ಯಾರೂ ನೀನು ಯಾರ ಮಗಳು ಅಂತ ಕೇಳಲ್ಲ, ಏನು ಓದ್ತಿದ್ದೀಯ ಅಂತ ಕೇಳ್ತಾರೆ" ಅಂದಳು.

ಹಳೇ ಬಂದರಿನ ಬೀದಿಯಲ್ಲಿ ಓಡಾಡಿದರೆ ಅವಳ ಮಾತು ಅರ್ಥವಾಗುತ್ತದೆ. ಒಂದೇ ಓಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಕೇಳುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು ಬೆರೆಸಿಕೊಂಡೇ ಬೆಳೆದ ನಮಗೆ ಅದು ಪರಸ್ಥಳ ಅನ್ನಿಸಲಿಲ್ಲ. ಸರಕು ಬಂದು ಹೋಗುವ ಊರಿನಲ್ಲಿ ಮನುಷ್ಯರೂ ಬಂದು ಹೋಗುತ್ತಿರುತ್ತಾರೆ. ಹೊಸಬರನ್ನು ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿಂದ ಲಕ್ಷದ್ವೀಪಕ್ಕೆ ಮರದ ಮಂಜಿಗಳಲ್ಲಿ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ಹೋಗುತ್ತವೆ. ಒಂದು ಕಡೆ ಟೊಮೆಟೊ ಕ್ರೇಟುಗಳಿದ್ದವು. ಎಲ್ಲಿಯದು ಅಂತ ಕೇಳಿದರೆ ಹೊರುವವರು "ಘಟ್ಟದ ಮೇಲಿನದ್ದು" ಅಂದರು. ಅವರಿಗೆ ನಾವೂ, ನಮ್ಮ ಟೊಮೆಟೊವೂ ಎಲ್ಲ ಒಂದೇ, ಘಟ್ಟದ ಮೇಲಿನದ್ದು.

ಬೆಳಗಿನ ಜಾವ ಮೀನಿನ ದಕ್ಕೆಗೆ ಹೋದೆವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಆಗಸ್ಟ್‌ನಲ್ಲಿ ದೋಣಿಗಳು ಹೊರಡುತ್ತವೆ, ದಕ್ಕೆಗೆ ಜೀವ ಬರುತ್ತದೆ. ಬಂಗುಡೆ, ಬೂತಾಯಿ ಬುಟ್ಟಿಗಳ ಸುತ್ತ ಹರಾಜು ಕೂಗುತ್ತಿದ್ದರು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸು ಹರಾಜಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆದವನೋ ಹಿಡಿದವನೋ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾನೆ, ಬೆಲೆ ಬೇರೆಯವರ ಬಾಯಲ್ಲಿ ಹುಟ್ಟುತ್ತದೆ.

ಅಲ್ಲಿಂದ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿಯಂಥ ಊರು. ಅದರ ದಕ್ಷಿಣದ ತುದಿಯಲ್ಲಿ ಅಳಿವೆ ಬಾಗಿಲು. ನೇತ್ರಾವತಿ ಮತ್ತು ಫಲ್ಗುಣಿ ಎರಡೂ ಕಡಲು ಸೇರುವ ಜಾಗ. ಕೆಂಪುಹೊಳೆಯ ನೀರು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಇಲ್ಲಿಗೆ. ಕೆಂಪು ನೀರು ಕಡಲೊಳಗೆ ದೂರದವರೆಗೂ ನುಗ್ಗುತ್ತಿತ್ತು. ಬೋರು ಕೊರೆಸಿ 1,200 ಅಡಿ, 1,500 ಅಡಿ ಹೋದರೂ ಧೂಳು ಮಾತ್ರ ಕಂಡ ಸೀಮೆಯವರಿಗೆ ಆ ದೃಶ್ಯ ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. "ಇಷ್ಟೂ ನೀರು ಸಮುದ್ರದ ಪಾಲಾ?" ಅಂತ ನಮ್ಮ ಜೊತೆಗಿದ್ದವರ ಬಾಯಿಂದ ಬಂದೇಬಿಟ್ಟಿತು.

ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರು ತಲೆ ಎತ್ತಿದರು. "ನೀವು ಘಟ್ಟದವರಾ? ಪಾಲು ಅಂತ ಹೇಳಿದ್ರಲ್ಲ, ಅದು ಸರಿ. ಸಮುದ್ರಕ್ಕೂ ಒಂದು ಪಾಲು ಉಂಟು ಮಾರಾಯ್ರೆ."

ಆಮೇಲೆ ಅವರು ವಿವರಿಸಿದರು. ಹೊಳೆ ತರುವ ಮಣ್ಣಿನಿಂದಲೇ ಮೀನಿಗೆ ಮೇವು. ಉಪ್ಪು ನೀರು, ಸಿಹಿ ನೀರು ಸೇರುವ ಕಡೆ ಮರಿಗಳು ಬೆಳೆಯುತ್ತವೆ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಉಪ್ಪು ನೀರು ಒಳಗೆ ಏರಿ ದಂಡೆಯ ಬಾವಿಗಳು ಕೆಡುತ್ತವೆ. ಇಷ್ಟು ಮಳೆಯ ಊರಿನಲ್ಲೂ ನೀರಿನ ಬರ ಬರುತ್ತದೆ. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟೆಯೇ ಮಂಗಳೂರಿಗೆ ಕುಡಿಯುವ ನೀರಿನ ಆಸರೆ. 2019ರ, 2023ರ ಬೇಸಿಗೆಯಲ್ಲಿ ಅಲ್ಲೂ ನಲ್ಲಿ ನೀರಿಗೆ ಸರದಿ ಹಾಕಿದ್ದರು.

ನಮ್ಮ ಕಥೆಯನ್ನೂ ಹೇಳಿದೆವು. ಬೋರ್‌ವೆಲ್ ನೀರಿನ ಫ್ಲೋರೈಡು, ಟ್ಯಾಂಕರ್ ಮುಂದೆ ಬಿಂದಿಗೆ ಸಾಲು, ವರ್ಷಗಟ್ಟಲೆ ಕೂತ ಧರಣಿಗಳು. 2014ರಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಯೋಜನೆಗೆ ಅಡಿಗಲ್ಲು ಬಿತ್ತು. ಲೆಕ್ಕ 24.01 ಟಿಎಂಸಿ, ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆ ತುಂಬಲು. ಖರ್ಚು 12,912 ಕೋಟಿಯಿಂದ 23 ಸಾವಿರ ಕೋಟಿ ದಾಟಿತು. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ಚಾಲೂ ಆಯಿತು. ನಮ್ಮೂರ ಕೆರೆ ಮಾತ್ರ ಇನ್ನೂ ದಾರಿ ಕಾಯುತ್ತಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಇಷ್ಟೇ ಅಂದರು. "ನಿಮಗೆ ಕುಡಿಯುವ ನೀರು ಬೇಡ ಅಂತ ಹೇಳಲಿಕ್ಕೆ ನಾವು ಯಾರು? ಆದರೆ ನಮ್ಮ ಹತ್ರ ಒಂದು ಮಾತು ಕೇಳಿದವರು ಯಾರುಂಟು?"

ಓದುಗರೇ, ನಮಗೆ ನೀರು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸಭೆಗಳಲ್ಲಿ "ವ್ಯರ್ಥವಾಗಿ ಸಮುದ್ರ ಸೇರುವ ನೀರು" ಅಂತ ಭಾಷಣ ಬಂದಾಗ ಚಪ್ಪಾಳೆ ಹೊಡೆಯುವ ಮೊದಲು ಆ ಹಿರಿಯರ ಪ್ರಶ್ನೆ ನೆನಪಿರಲಿ. ಆ ನೀರಿನಲ್ಲಿ ಅವರ ಅನ್ನವೂ ಇದೆ. ಇನ್ನೊಬ್ಬರ ಅನ್ನದಲ್ಲಿ ಪಾಲು ಕೇಳುವವರು ಮೊದಲು ತಮ್ಮ ಮನೆಯ ಪಾತ್ರೆ ತೊಳೆದಿಟ್ಟುಕೊಳ್ಳಬೇಕು. ಸುಗಟೂರಿನ ಪಾಳೇಗಾರ ತಮ್ಮೇಗೌಡ ಹೊಸಕೋಟೆಯಲ್ಲಿ ದೊಡ್ಡ ಕೆರೆ ಕಟ್ಟಿಸಿದವನು. ಕೆರೆ ಕಟ್ಟಿದವರ ಹೆಸರಿನ ಊರು ನಮ್ಮದು. ಆದರೆ ಇವತ್ತು ನಮ್ಮ ಸೀಮೆಯಲ್ಲಿ ಎಷ್ಟು ರಾಜಕಾಲುವೆ ಹೊಲವಾಗಿವೆ, ಎಷ್ಟು ಕೆರೆಯಂಗಳ ಸೈಟಾಗಿವೆ, ಎಣಿಸಿ ನೋಡಿ. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದಾಗ ನೀರು ತನ್ನ ಹಳೇ ದಾರಿಯನ್ನು ತಾನೇ ತೋರಿಸಿಕೊಟ್ಟಿತ್ತು.

ಬಂದರು ಊರಿಗೆ ಹೋಗಿಬನ್ನಿ. ಪಣಂಬೂರಿನ ಕಡಲತೀರ ನೋಡಿ, ಅದರ ಪಕ್ಕದ ನವಮಂಗಳೂರು ಬಂದರಿನ ಹೊರಗೆ ಸರದಿಗೆ ಕಾಯುವ ಹಡಗುಗಳನ್ನು ಎಣಿಸಿ, ಮಕ್ಕಳಿಗೆ ಬಿಸಿ ಗೋಳಿಬಜೆ ಕೊಡಿಸಿ. ಅಷ್ಟಕ್ಕೇ ವಾಪಸ್ ಬರಬೇಡಿ. ಬೆಂಗ್ರೆಗೆ ದಾಟಿ ಅಲ್ಲಿಯವರ ಹತ್ತಿರ ಅರ್ಧ ಗಂಟೆ ಮಾತಾಡಿ. ಕೋಲಾರದಿಂದ ಬಂದಿದ್ದೇವೆ ಅಂತ ಹೇಳಿ. ಮಾತು ತಾನಾಗಿಯೇ ನೀರಿಗೆ ಬರುತ್ತದೆ.