ವಿಶೇಷ್ಯ ಹೋದ ವಿಶೇಷಣ

ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಿಂತರೂ ಅರ್ಧ ಗಳಿಗೆಯೊಳಗಾಗಿ ಒಂದು ಕೂಗು ಕಿವಿಗೆ ಬೀಳದೆ ಇರದು. ಬಸ್ಸಿನ ಮೆಟ್ಟಿಲ ಮೇಲೆ ನಿಂತ ಕಂಡಕ್ಟರನು "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದು ಕೂಗುತ್ತಾನೆ. ಹೂವಿನ ಬುಟ್ಟಿ ಹೊತ್ತವಳೂ ಪುಸ್ತಕದ ಚೀಲವನ್ನು ಬೆನ್ನಿಗೇರಿಸಿದ ಹುಡುಗನೂ ಒಟ್ಟಿಗೆ ಹತ್ತಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ಮೆಜೆಸ್ಟಿಕ್ಕನ್ನು ನೋಡಲು ಹೊರಟವರಲ್ಲ. ನೋಡಬೇಕೆಂದರೂ ಆಗದು, ಆ ಹೆಸರಿನ ಚಿತ್ರಮಂದಿರವು ನೆಲಸಮವಾಗಿ ಎಷ್ಟೋ ವರ್ಷಗಳಾದುವು. ಸುತ್ತಣ ಪ್ರದೇಶಕ್ಕೆಲ್ಲ ತನ್ನ ಹೆಸರನ್ನು ಬಿಟ್ಟು ಅದು ಹೊರಟುಹೋಯಿತು. ಧರ್ಮಾಂಬುಧಿ ಕೆರೆಯು ಬತ್ತಿ, ಅದರ ಅಂಗಳದಲ್ಲಿ ಬಸ್ಸುಗಳ ನಿಲ್ದಾಣವೆದ್ದಿತು. ಅದಕ್ಕೆ ಕೆಂಪೇಗೌಡರ ಹೆಸರನ್ನಿಟ್ಟರು. ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ಅದೇ ನಾಡಪ್ರಭುವಿನ ಹೆಸರನ್ನಿಟ್ಟು, ಕೊನೆಯಲ್ಲಿ ಮೆಜೆಸ್ಟಿಕ್ ಎಂಬುದನ್ನೂ ಸೇರಿಸಿದರು. ಊರು ಕಟ್ಟಿದವರ ಹೆಸರಿಗೂ ಒಂದು ಸಿನಿಮಾ ಮನೆಯ ಹೆಸರಿನ ಆಸರೆ ಬೇಕಾಯಿತೆಂದರೆ ಜನರ ನಾಲಿಗೆಯ ಬಲ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ತುಮಕೂರಿನ ಕಡೆಯ ವೃದ್ಧರೊಬ್ಬರು ಹತ್ತು ವರ್ಷದ ಮೊಮ್ಮಗನ ಕೈ ಹಿಡಿದು ಒಂದು ದಿನ ಬೆಳಗ್ಗೆ ಆ ನಿಲ್ದಾಣದಲ್ಲಿ ಇಳಿದರು. ದಾರಿಯುದ್ದಕ್ಕೂ ಅದೇ ಕೂಗನ್ನು ಕೇಳಿಕೊಂಡು ಬಂದಿದ್ದ ಹುಡುಗನು, "ತಾತ, ಮೆಜೆಸ್ಟಿಕ್ ಅಂದರೆ ಏನು?" ಎಂದನು.

ವೃದ್ಧರು ವ್ಯಾಕರಣ ಓದಿದವರು. "ಅದು ವಿಶೇಷಣ, ಮಗು. ಭವ್ಯವಾದ ಎಂದು ಅರ್ಥ."

"ಭವ್ಯವಾದ ಏನು?"

"ಭವ್ಯವಾದ ಮಂದಿರ."

"ಎಲ್ಲಿದೆ?"

ವೃದ್ಧರು ಸುತ್ತಲೂ ನೋಡಿದರು, ಉತ್ತರ ಹೇಳಲಿಲ್ಲ. ವಿಶೇಷಣವು ಉಳಿದು ವಿಶೇಷ್ಯವು ಲೋಪವಾಗಿತ್ತು. ಲೋಪವೆಂದರೆ ಕಾಣದಿರುವುದೆಂದು ಮಾತ್ರ ಪಾಣಿನಿಯ ಮತ. ಇಲ್ಲವೇ ಇಲ್ಲವೆಂದು ಆತನು ಹೇಳಿಲ್ಲ. ಆದರೆ ಈ ಸೂಕ್ಷ್ಮವನ್ನು ಹತ್ತು ವರ್ಷದ ಬಾಲಕನಿಗೆ ಬಸ್ಸುಗಳ ನಡುವೆ ನಿಂತು ತಿಳಿಸುವುದು ಹೇಗೆ?

ಅವರು ಬಂದದ್ದು ಮೆಜೆಸ್ಟಿಕ್ಕಿಗಾಗಿ ಅಲ್ಲ. ಸಿಟಿ ಮಾರ್ಕೆಟ್ಟಿನ ಬಳಿ ಹಿಂದೆ ಪ್ಯಾರಮೌಂಟ್ ಎಂಬ ಇನ್ನೊಂದು ಚಿತ್ರಮಂದಿರವಿತ್ತು. ಅದು ನಿಂತಿದ್ದ ಎಡೆಯನ್ನು ಹುಡುಗನಿಗೆ ತೋರಿಸಬೇಕೆಂಬುದು ಅವರ ಬಯಕೆ. ದಾರಿಯಲ್ಲಿ ಕೆಂಪೇಗೌಡ ರಸ್ತೆಯನ್ನು ಹಾಯಲೇಬೇಕು. ಒಂದು ಕಾಲಕ್ಕೆ ಆ ರಸ್ತೆಯಲ್ಲಿಯೂ ಅದಕ್ಕೆ ಹೊಂದಿದ ಗಾಂಧಿನಗರದಲ್ಲಿಯೂ ನಡೆಯುವುದೆಂದರೆ ಅಮರಕೋಶದ ಪಾಠವನ್ನು ಒಪ್ಪಿಸಿದ ಹಾಗೆ ಆಗುತ್ತಿತ್ತು. ಶೈಲವರ್ಗಕ್ಕೆ ಹಿಮಾಲಯ, ವಾರಿವರ್ಗಕ್ಕೆ ಸಾಗರ, ಸ್ವರ್ಗವರ್ಗಕ್ಕೆ ಕಪಾಲಿ, ಕೈಲಾಸ, ಮೇನಕಾ. ನಾಟ್ಯವರ್ಗಕ್ಕೆ ನರ್ತಕಿ, ಅಭಿನಯ. ಇವೆಲ್ಲವನ್ನೂ ಒಳಗೊಳ್ಳಲು ತ್ರಿಭುವನ. ಅಲಂಕಾರವೂ ಉಂಟು, ಕಲ್ಪನೆಯೂ ಉಂಟು, ಅನುಪಮಾ ಎಂಬುದೂ ಉಂಟು. ಇಂಗ್ಲಿಷಿನ ಹೆಸರಿಟ್ಟುಕೊಂಡಿದ್ದ ಸ್ಟೇಟ್ಸ್, ಮೂವಿಲ್ಯಾಂಡ್ ಮೊದಲಾದುವು ಈ ಸಭೆಯಲ್ಲಿ ಅತಿಥಿಗಳಂತೆ ಇದ್ದುವು. ಹೆಸರಿಟ್ಟವರು ಪಂಡಿತರಲ್ಲ, ವ್ಯಾಪಾರಸ್ಥರು. ಆದರೂ ಎಂಥ ಹೆಸರುಗಳು! ಅವುಗಳಲ್ಲಿ ಬಹುಪಾಲು ಈಗ ಇಲ್ಲ. ಹಿಮಾಲಯವಿದ್ದಲ್ಲಿ ಹಿಮಾಲಯವಿಲ್ಲ, ಸಾಗರವಿದ್ದಲ್ಲಿ ಸಾಗರವಿಲ್ಲ. ಸೀರೆಯ ಅಂಗಡಿ, ದೂರವಾಣಿಯ ಅಂಗಡಿ.

ಪ್ಯಾರಮೌಂಟಿನ ಕಥೆ ಇವೆಲ್ಲಕ್ಕೂ ಹಿಂದಿನದು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಚಲಚ್ಚಿತ್ರವು ಇಲ್ಲಿ ಬೇರೂರಲು ಆ ಬೆಳಕೇ ಆಧಾರ. ಮೊದಲು ಬಂದುವೆಲ್ಲ ಮೂಕಚಿತ್ರಗಳು. 1931ನೆಯ ಇಸವಿ ಮಾರ್ಚಿ 14ರಂದು ಮುಂಬಯಿಯಲ್ಲಿ "ಆಲಂ ಆರಾ" ಎಂಬ ಹಿಂದೂಸ್ತಾನೀ ವಾಕ್ಚಿತ್ರವು ಪ್ರದರ್ಶಿತವಾಗಿ ಪರದೆಗೆ ಬಾಯಿ ಬಂದಿತು. ಮೂರು ವರ್ಷದೊಳಗಾಗಿ ಕನ್ನಡಕ್ಕೂ ಆ ಯೋಗ ಒದಗಿತು. ಬೆಂಗಳೂರಿನಲ್ಲಿ ನೆಲಸಿದ್ದ ವರ್ತಕರಾದ ಚಮನಲಾಲ್ ಡುಂಗಾಜಿಯವರು ಬಂಡವಾಳ ಹೂಡಿದರು, ವೈ. ವಿ. ರಾಯರು ನಿರ್ದೇಶಿಸಿದರು, ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತು ಬರೆದುಕೊಟ್ಟರು. ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ ಚಿತ್ರವನ್ನು ತೆಗೆದರು. ಸುಬ್ಬಯ್ಯನಾಯುಡುಗಳು ಇಂದ್ರಜಿತ್ತು, ತ್ರಿಪುರಾಂಬೆ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಹೀಗೆ "ಸತೀ ಸುಲೋಚನಾ" 1934ನೆಯ ಇಸವಿ ಮಾರ್ಚಿ 3ರಂದು ಪ್ಯಾರಮೌಂಟಿನ ಪರದೆಯ ಮೇಲೆ ಕನ್ನಡದಲ್ಲಿ ಮಾತನಾಡಿತು. ವಾರಗಟ್ಟಲೆ ಮಂದಿರವು ತುಂಬಿ ತುಳುಕಿತು.

ಆ ವೃದ್ಧರ ತಂದೆಗೆ ಆಗ ಹದಿನೇಳು ವರ್ಷ. ಪಾಠಶಾಲೆಯೊಂದರಲ್ಲಿ ಕಾವ್ಯ ವ್ಯಾಕರಣಗಳನ್ನು ಓದುತ್ತ ವಾರಾನ್ನದಲ್ಲಿ ದಿನ ಕಳೆಯುತ್ತಿದ್ದ ಬಡ ವಿದ್ಯಾರ್ಥಿ. ನಾಟಕ ಸಿನಿಮಾಗಳು ವಿದ್ಯಾರ್ಥಿಗಳಿಗೆ ನಿಷಿದ್ಧ. ಶ್ರಾದ್ಧದ ಮನೆಯಲ್ಲಿ ಬಂದ ದಕ್ಷಿಣೆಯ ಕಾಸುಗಳನ್ನು ಕೂಡಿಟ್ಟು, ಒಂದು ರಾತ್ರಿ ಪಂಚೆಯ ಅಂಚಿಗೆ ಗಂಟು ಹಾಕಿಕೊಂಡು, ಆತ ಮೆಲ್ಲನೆ ಹೊರಬಿದ್ದನು. ಮುಂದೆ ನೆಲದ ಮೇಲೆ ಕುಳಿತು ನೋಡುವ ಟಿಕೆಟ್ಟು. ಕತ್ತನ್ನು ಮೇಲಕ್ಕೆತ್ತಿಯೇ ಇಡೀ ಲಂಕೆಯನ್ನು ಕಂಡನು. ಮರುದಿನ ಬೆಳಗ್ಗೆ ಗುರುಗಳಿಗೆ ಸುದ್ದಿ ಮುಟ್ಟಿತ್ತು. ಪಾಠ ಮುಗಿದ ಮೇಲೆ ಅವರು ಶಿಷ್ಯನನ್ನು ನಿಲ್ಲಿಸಿಕೊಂಡರು. ಶಿಕ್ಷೆ ಖಂಡಿತವೆಂದು ಆತ ತಲೆ ತಗ್ಗಿಸಿದನು. ಗುರುಗಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಶಾಸ್ತ್ರಿಗಳ ಮಾತು ಹಿಂದೆ ಕುಳಿತವರಿಗೂ ಕೇಳಿಸುತ್ತದೆಯೇ?" ಎಂದರಂತೆ. ಕೇಳಿಸುತ್ತದೆ ಎಂದನು. "ಮಹಾಪ್ರಾಣಗಳು?" ಅವೂ ಕೇಳಿಸುತ್ತವೆ ಎಂದನು. "ಸರಿ, ಹೋಗು" ಎಂದರು. ಗುರುಗಳು ಆ ಮೇಲೆ ಚಿತ್ರಕ್ಕೆ ಹೋದರೋ ಇಲ್ಲವೋ ಶಿಷ್ಯನು ವಿಚಾರಿಸಲಿಲ್ಲ. ಅಂಥ ವಿಚಾರಣೆ ಆ ಕಾಲದ ಮರ್ಯಾದೆಯಲ್ಲ.

ಇಲ್ಲಿ ಒಂದು ಮಾತು. ವಾಲ್ಮೀಕಿಗಳು ಇಂದ್ರಜಿತ್ತಿನ ಪತ್ನಿಯ ಹೆಸರನ್ನೇ ಹೇಳಿಲ್ಲ. ಸುಲೋಚನೆಯು ಆಮೇಲಿನ ಕಥೆಗಾರರ ಸೃಷ್ಟಿ, ಜನರು ಬೆಳೆಸಿದ ಮಗಳು. ರಣದಲ್ಲಿ ತುಂಡಾದ ಗಂಡನ ತೋಳು ಅವಳ ಅಂಗಳಕ್ಕೆ ಬಂದು ಬೀಳುವುದು. ಅವಳು ನಂಬದಿರಲು ಆ ತೋಳೇ ತನ್ನ ಮರಣದ ವೃತ್ತಾಂತವನ್ನು ಬರೆದು ತಿಳಿಸುವುದು. ಉಳಿದ ಶಿರಸ್ಸನ್ನು ಬೇಡಲು ಅವಳು ರಾಮನ ಪಾಳೆಯಕ್ಕೆ ಹೋಗುವಳು. ಕನ್ನಡದ ಮೊದಲ ವಾಕ್ಚಿತ್ರಕ್ಕೂ ಕಡೆಗೆ ಇದೇ ಗತಿಯಾಯಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ತಾರೀಖು, ನಟರ ಹೆಸರು, ಕೆಲವು ಛಾಯಾಚಿತ್ರ ಇವಿಷ್ಟು ಬಂದು ಅಂಗಳಕ್ಕೆ ಬಿದ್ದಿವೆ. ಮುಖವನ್ನು ಯಾರಲ್ಲಿ ಬೇಡುವುದು? ಆ ಕಾಲದ ಫಿಲ್ಮು ನೈಟ್ರೇಟಿನದು; ಕಿಡಿ ಸೋಕಿದರೆ ಭುಗಿಲೆನ್ನುವುದು, ಸೋಕದಿದ್ದರೆ ಡಬ್ಬಿಯಲ್ಲಿಯೇ ಕೊಳೆತು ಪುಡಿಯಾಗುವುದು. ಅದರೊಳಗಿನ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಮಾರಿಕೊಂಡವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾದದ್ದು 1964ರಲ್ಲಿ. ಆ ವೇಳೆಗೆ ಹೋಗಬೇಕಾದುವು ಎಷ್ಟೋ ಹೋಗಿದ್ದುವು. "ಆಲಂ ಆರಾ" ಕೂಡ ಉಳಿಯಲಿಲ್ಲ. ಅದು ಮೊದಲು ಪ್ರದರ್ಶಿತವಾದ ಮುಂಬಯಿಯ ಮಂದಿರದ ಹೆಸರೂ ಮೆಜೆಸ್ಟಿಕ್ ಎಂದೇ. ಅದನ್ನೂ ಕೆಡವಿದರು, ಅಲ್ಲಿಯೂ ಅಂಗಡಿಗಳ ಕಟ್ಟಡವೆದ್ದಿತು.

ಪ್ಯಾರಮೌಂಟಿಗೆ ಮುಂದೆ ಪರಿಮಳ ಎಂಬ ಹೆಸರು ಬಂದಿತು. ಇಂಗ್ಲಿಷಿನ ಕರ್ಕಶವಾದ ಪದವೊಂದು ಮಾರ್ಕೆಟ್ಟಿನ ಹೂವಿನ ರಾಶಿಯ ನೆರೆಯಲ್ಲಿ ಪರಿಮಳವಾದದ್ದು ಉಚಿತವೇ ಆಯಿತೆನ್ನಬೇಕು. ಪರಿಮಳವೂ ಈಗ ಇಲ್ಲ.

ವೃದ್ಧರು ತಾವಾಗಿ ಬಲ್ಲದ್ದು ಕಪಾಲಿಯನ್ನು. 1968ರಲ್ಲಿ, ಆಗ ಉಪಪ್ರಧಾನಿಗಳಾಗಿದ್ದ ಮೊರಾರ್ಜಿ ದೇಸಾಯಿಯವರಿಂದ ಉದ್ಘಾಟಿತವಾದ ಆ ಮಂದಿರದಲ್ಲಿ ಒಮ್ಮೆಗೆ ಸಾವಿರಕ್ಕೂ ಮಿಕ್ಕಿ ಜನ ಕುಳಿತುಕೊಳ್ಳಬಹುದಾಗಿತ್ತು. ಸಿನೆರಾಮ ಎಂಬ ಬಾಗಿದ ಮಹಾಪರದೆಗೆ ಅದು ಪ್ರಸಿದ್ಧ. ಕಬ್ಬಿಣದ ಸರಳುಗಳ ನಡುವಣ ಇಕ್ಕಟ್ಟಿನ ಸಾಲು, ಕಿಂಡಿಯೊಳಗೆ ತೂರಿಸಿದ ಕೈ, ಕೈ ಬಿಡಿಸಿಕೊಂಡಾಗ ಮುದುರಿ ಒದ್ದೆಯಾದ ಟಿಕೆಟ್ಟು, ಗಾಂಧಿಕ್ಲಾಸಿನಿಂದ ನಾಯಕನು ಬಂದೊಡನೆ ಪರದೆಗೆ ತೂರುತ್ತಿದ್ದ ಕಾಸು, ವಿರಾಮದ ಕಡಲೆಕಾಯಿ: ಇವನ್ನು ಹೇಳಲು ತೊಡಗಿದರೆ ಅವರು ಪ್ರಾಯದವರಾಗುವರು. ಊರಿನಿಂದ ಬಂದ ತಂದೆಯನ್ನು ಅವರು ಅಲ್ಲಿಗೆ ಒಮ್ಮೆ ಕರೆದೊಯ್ದಿದ್ದರು. ತಂದೆ ಅರ್ಧ ಚಿತ್ರವನ್ನು ಕಣ್ಣು ಮುಚ್ಚಿಕೊಂಡೇ ಕೇಳಿದರು. ಹೊರಗೆ ಬಂದಮೇಲೆ, "ಕೇಳಿಸುವುದಕ್ಕೇನೂ ಕೊರತೆಯಿಲ್ಲ, ಹೆಚ್ಚೇ ಆಯಿತು" ಎಂದಿಷ್ಟೇ ಅಂದರು.

ಅವನತಿಯ ಕಥೆ ಎಲ್ಲರಿಗೂ ತಿಳಿದದ್ದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣವು ಮೊದಲಾಯಿತು; ಸುಲೋಚನೆಯೇ ಮನೆಯ ನಡುಮನೆಗೆ ಬಂದಳು, ಟಿಕೆಟ್ಟಿಲ್ಲದೆ. ಹೊಸ ಶತಮಾನದಲ್ಲಿ ಅಂಗಡಿಮಳಿಗೆಗಳೊಳಗೆ ಅನೇಕ ಪುಟ್ಟ ಪರದೆಗಳ ಮಲ್ಟಿಪ್ಲೆಕ್ಸುಗಳು ಬಂದುವು. ಪೇಟೆಯ ನಡುವಣ ನೆಲದ ಬೆಲೆ ಏರಿದ ಹಾಗೆಲ್ಲ, ಸಾವಿರ ಆಸನಗಳ ಮಂದಿರದಲ್ಲಿ ನೂರು ಜನ ಕುಳಿತರೆ ಒಡೆಯನಿಗೆ ಲೆಕ್ಕ ಕೂಡುವುದು ಹೇಗೆ? ಒಡೆಯರನ್ನು ನಿಂದಿಸುವುದು ಸುಲಭ; ಹೋಗುವುದನ್ನು ಬಿಟ್ಟವರು ಯಾರೆಂದು ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ. 1995ರ "ಓಂ" ಚಿತ್ರವನ್ನು ಕಪಾಲಿಯು ಮತ್ತೆ ಮತ್ತೆ ತೆರೆಗೆ ತಂದು ಕೆಲಕಾಲ ಉಸಿರು ಹಿಡಿಯಿತು. 2017ರಲ್ಲಿ ಅದನ್ನೂ ಕೆಡವಲಾಯಿತು. ಲಯಕರ್ತನ ಹೆಸರಿಟ್ಟುಕೊಂಡ ಮಂದಿರ!

ತಾತ ಮೊಮ್ಮಕ್ಕಳು ಮಾರ್ಕೆಟ್ಟನ್ನು ತಲಪುವ ವೇಳೆಗೆ ಬಿಸಿಲೇರಿತ್ತು. ಕೈಗಾಡಿಗಳು, ಆಟೋಗಳು, ಹೂವಿನ ಮೂಟೆ ಹೊತ್ತವರ "ದಾರಿ, ದಾರಿ" ಎಂಬ ಗದ್ದಲ. ವೃದ್ಧರು ಒಂದು ಕಡೆ ನಿಂತು, "ಇಲ್ಲೇ ಎಲ್ಲೋ" ಎಂದರು.

ಅವರ ತಂದೆ ಪ್ರತಿದಿನ ಗಂಧ ತೇಯುವಾಗ ಒಂದು ಧಾಟಿಯನ್ನು ಗುನುಗುತ್ತಿದ್ದರು. ಅದು ಆ ರಾತ್ರಿ ಪ್ಯಾರಮೌಂಟಿನಲ್ಲಿ ಕೇಳಿದ್ದೆಂದು ಒಮ್ಮೆ ಹೇಳಿದ್ದರು. ರಾಗ ಯಾವುದು, ಮಾತೇನು ಎಂಬುದನ್ನು ಮಗನು ಕೇಳಿಟ್ಟುಕೊಳ್ಳಲಿಲ್ಲ. ತಂದೆ ನಾಳೆಯೂ ಗಂಧ ತೇಯುವರೆಂಬ ನಂಬಿಕೆ. ಈಗ ಮಗನಿಗೆ ಬರುವುದು ಮೇಲಕ್ಕೇರುವ ಮೊದಲ ಅರ್ಧ ಮಾತ್ರ. ಇಳಿಯುವ ಬಗೆ ಮರೆತುಹೋಗಿದೆ. ಅವರು ಮೊಮ್ಮಗನ ಕಡೆ ಬಾಗಿ ಅದನ್ನು ಗುನುಗಿದರು. ಹುಡುಗನು ಜೇಬಿನಿಂದ ಫೋನು ತೆಗೆದು ಅವರ ಬಾಯಿಯ ಹತ್ತಿರ ಹಿಡಿದನು. ಮುಗಿದ ಮೇಲೆ ಒತ್ತಿ ಕಿವಿಗೆ ಇಟ್ಟುಕೊಂಡನು.

"ಬಸ್ಸಿನ ಹಾರನ್ನು ಕೇಳಿಸುತ್ತೆ, ತಾತ. ಇನ್ನೊಂದು ಸಲ ಹೇಳಿ, ಜೋರಾಗಿ."

ವೃದ್ಧರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಮೊದಲುಮಾಡಿದರು.