ಗಾಡಿ ಬಂದ್ರೆ ಎಲ್ಲಿ ನಿಲ್ಲೋದು?

ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ಒಂದೇ ದುಂದುವೆಚ್ಚ ಅಂದ್ರೆ ಒಂದು ಪ್ಲಾಸ್ಟಿಕ್ ಸೇತುವೆ. ನಮ್ಮ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಹಳೇ ವಿದ್ಯಾರ್ಥಿಗಳು ಬಿಟ್ಟುಹೋದ ಮಾಡೆಲ್ ರೈಲ್ವೆ ಇದೆ. ಎಚ್‌ಓ ಅಳತೆ, ಅಂದ್ರೆ ನಿಜದ 87ರಲ್ಲಿ ಒಂದು ಪಾಲು. ಅದಕ್ಕೊಂದು ಗರ್ಡರ್ ಸೇತುವೆ ಬೇಕಿತ್ತು. ಮೆಕ್ಯಾನಿಕಲ್ ಓದಿದವನು, ನೀನೇ ಮಾಡು ಅಂದ್ರು.

ಕಿಟ್ ಜೋಡಿಸೋದು ಕಷ್ಟವಲ್ಲ. ಬಿಡಿಭಾಗ ಕತ್ತರಿಸಿ, ಅಂಚು ಉಜ್ಜಿ, ಅಂಟು ಸೋಕಿಸಿದ್ರೆ ಪ್ಲಾಸ್ಟಿಕ್ಕೇ ಕರಗಿ ಬೆಸೆದುಕೊಳ್ಳುತ್ತೆ. ಕಷ್ಟ ಇರೋದು ಅದನ್ನ ಹಳೇದು ಮಾಡೋದ್ರಲ್ಲಿ. ಹೊಳೆಯೋ ಸೇತುವೆ ಎಷ್ಟಾದ್ರೂ ಆಟದ ಸಾಮಾನೇ. ಮೊದಲು ಮ್ಯಾಟ್ ಬೂದು ಬಣ್ಣ, ಆಮೇಲೆ ತೆಳುವಾದ ಕಪ್ಪು-ಕಂದು ಬಣ್ಣ ಹರಿಸಿ ರಿವೆಟ್ ಸಂದಿಗಳಲ್ಲಿ ಕೊಳೆ ಕೂರಿಸಬೇಕು. ನಾನು ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಆಲ್ಕೋಹಾಲ್‌ನಲ್ಲಿ ಕಲಸಿದ ಬಣ್ಣ ಬಳಿದೆ. ಬೆಳಿಗ್ಗೆ ನೋಡಿದ್ರೆ ಇಡೀ ಸೇತುವೆ ಬೂಷ್ಟು ಹಿಡಿದ ಉಪ್ಪಿನಕಾಯಿ ಥರ ಬೆಳ್ಳಗೆ! (ಮೇಲೆ ಇನ್ನೊಂದು ಕೋಟು ವಾರ್ನಿಷ್ ಹೊಡೆದ್ರೆ ಆ ಬಿಳಿ ಹೋಗುತ್ತೆ. ಮಾಡೋರಿಗೆ ಉಪಯೋಗಕ್ಕೆ ಬರಲಿ.)

ಅದನ್ನ ಸರಿಮಾಡಿ, ತುಕ್ಕಿನ ಬಣ್ಣದ ಪುಡಿಯನ್ನ ಎಲ್ಲಾ ಕಡೆ ಧಾರಾಳವಾಗಿ ಮೆತ್ತಿ, ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಕೀಮ್ಯಾನ್ ಆಗಿದ್ದು ರಿಟೈರ್ ಆದವರು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ ಇರೋ ದಾರಿ. ಬೆಂಗಳೂರಿನ ಹುಡುಗರು ಟ್ರೆಕಿಂಗ್ ಅಂತ ಹೋಗ್ತಿದ್ದ ಹಳಿ ಅಪ್ಪನಿಗೆ ದಿನದ ಡ್ಯೂಟಿ. ಸ್ಕೂಲಿನ ಫಾರಂನಲ್ಲಿ ‘ತಂದೆಯ ಉದ್ಯೋಗ’ ಅಂತಿದ್ದ ಕಡೆ ನಾನು ‘ರೈಲ್ವೆ ಇಲಾಖೆ’ ಅಂತಷ್ಟೇ ಬರೀತಿದ್ದೆ. ಕೆಲಸ ಏನು ಅಂತ ನಾನೂ ಕೇಳಿದವನಲ್ಲ.

“ಏನ್ಲಾ ಇದು, ಸುಟ್ಟುಹೋದಂಗೈತೆ. ತುಕ್ಕು ಹಂಗೆಲ್ಲ ಹಿಡಿಯಲ್ಲ” ಅಂದ್ರು. ನೀರು ನಿಲ್ಲೋ ಕಡೆ, ಗರ್ಡರ್ ತುದಿಯಲ್ಲಿ ಮಣ್ಣು-ಎಲೆ ಸೇರಿಕೊಳ್ಳೋ ಕಡೆ ಮೊದಲು ಹಿಡಿಯುತ್ತಂತೆ. ಅಲ್ಲಿಂದ ಕೆಳಕ್ಕೆ ಇಳಿಯುತ್ತೆ, ಪಕ್ಕಕ್ಕೆ ಹರಡಲ್ಲ. ಹಳಿಯ ನೆತ್ತಿ ಯಾವಾಗ್ಲೂ ಹೊಳೀಬೇಕು, ಚಕ್ರ ಉಜ್ಜುತ್ತಲ್ಲ. ಹಳೇ ಬೋಗಿಗಳ ಟಾಯ್ಲೆಟ್ಟಿಂದ ಬೀಳ್ತಿದ್ದದ್ದು ಹಳೀನ ಹೇಗೆ ತಿಂದುಹಾಕ್ತಿತ್ತು ಅಂತಲೂ ಹೇಳಿದ್ರು. ಅದನ್ನ ಮಾಡೆಲ್‌ನಲ್ಲಿ ತೋರಿಸೋ ಧೈರ್ಯ ನನಗಿಲ್ಲ.

ಆಮೇಲೆ ಫೋನ್ ಹತ್ತಿರ ತಂದು ನೋಡಿ ಕೇಳಿದ್ರು: “ಅಲ್ಲ ಮಗಾ, ಗಾಡಿ ಬಂದ್ರೆ ನಾನೆಲ್ಲಿ ನಿಂತ್ಕಳ್ಳಿ?”

ಉದ್ದನೆ ಸೇತುವೆಗಳ ಪಕ್ಕದಲ್ಲಿ ಹೊರಕ್ಕೆ ಚಾಚಿದ ಪುಟ್ಟ ಕಟಕಟೆ ಇರುತ್ತೆ, ಟ್ರಾಲಿ ರೆಫ್ಯೂಜ್. ನನ್ನ ಕಿಟ್‌ನಲ್ಲಿ ಇರಲಿಲ್ಲ. ಒಂದು ಸಲ ಜಡಿಮಳೆಯಲ್ಲಿ ಹಾರ್ನ್ ಕೇಳಿಸದೆ, ಇಂಜಿನ್ ದೀಪ ಕಂಡ ಮೇಲೆ ಓಡಿ ಅದರೊಳಗೆ ಸೇರಿ, ಗೂಡ್ಸ್ ಪೂರ್ತಿ ದಾಟೋವರೆಗೂ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ರಂತೆ. ನಾನಾಗ ಆರನೇ ಕ್ಲಾಸು. ಮನೇಲಿ ಯಾರಿಗೂ ಹೇಳಿರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಿದ್ರು, ಏನೂ ಮಾತಾಡಲಿಲ್ಲ.

ಆ ವಾರ ಅಸೈನ್‌ಮೆಂಟ್ ಬಿಟ್ಟು ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಎರಡು ಕಟಕಟೆ ಮಾಡಿದೆ. ಒಂದರಲ್ಲಿ ಕಿತ್ತಳೆ ಜಾಕೆಟ್ಟಿನ, ಎರಡು ಸೆಂಟಿಮೀಟರ್ ಎತ್ತರದ ಒಬ್ಬನನ್ನ ನಿಲ್ಲಿಸಿ ಫೋಟೋ ಕಳಿಸಿದೆ. ಅಪ್ಪನ ವಾಯ್ಸ್ ಮೆಸೇಜ್ ಬಂತು: “ಚೆನ್ನಾಗೈತೆ. ಹೆಗಲ ಮೇಲೆ ಸುತ್ತಿಗೆ ಎಲ್ಲಿ?”

ಸೂಜಿ ಕತ್ತರಿಸಿ ಈಗ ಅದನ್ನೇ ಮಾಡ್ತಿದ್ದೀನಿ.